ಹಳದಿಯೋ, ಹಸಿರೋ

ಸಂಜೆ ಆರಕ್ಕೆ ಗೋಡೆಯಾಚೆಯಿಂದ ಒಂದು ಕೈ ಮೇಲೇಳುತ್ತಿತ್ತು,
ತುದಿಯಲ್ಲಿ ಕಿರುಬೆರಳಷ್ಟು ಗಾಜಿನ ನಳಿಕೆ.
"ಈನಿಡ್, ಯಾವ ಬಣ್ಣ?"
ಹಳದಿ, ಅನ್ನುತ್ತಿದ್ದೆ. ಕೈ ಇಳಿಯುತ್ತಿತ್ತು.
ಹನ್ನೊಂದು ವರ್ಷ ನಮ್ಮ ನಡುವಿನ ಮಾತು
ಹೆಚ್ಚುಕಡಿಮೆ ಇಷ್ಟೇ.

ಆಲ್ವಿನ್ ಟಾಮ್ಕಿನ್‌ಸನ್ನನಿಗೆ ಹಳದಿ ಹಸಿರು ಎರಡೂ ಒಂದೇ.
ಹುಟ್ಟಿನಿಂದಲೇ ಹಾಗೆ. ಕೆಂಪೂ ಅವನಿಗೆ ಒಂಥರಾ ಮಣ್ಣು.
ಅಂಥವನು ಹಿತ್ತಲಲ್ಲಿ ಆಳೆತ್ತರದ ಗುಂಡಿ ತೋಡಿ
ಸಿಮೆಂಟು ಬಳಿದು ಕೊಯ್ ಮೀನು ಸಾಕಿದ:
ಕೆಂಪು ಬಿಳಿಯದು ನಾಲ್ಕು, ಕಪ್ಪು ಬಿಳಿಯದು ಎರಡು,
ಒಂದು ಬರೀ ಚಿನ್ನ.
ಬರ್ಸ್ಲೆಮ್ಮಿನ ನಮ್ಮ ಬೀದಿಯಲ್ಲಿ ಇದಕ್ಕೆ ನಗದವರಿಲ್ಲ.

ನಾನೋ, ಮೂವತ್ತೊಂದು ವರ್ಷ ಪಿಂಗಾಣಿ ಕಾರ್ಖಾನೆಯಲ್ಲಿ
ಬಟ್ಟಲ ಕಂಠಕ್ಕೆ ಕೆಂಪು ಗೆರೆ ಎಳೆದವಳು.
ಆವಿಗೆಗೆ ಹೋಗುವಾಗ ಕೆಂಪು ಹೇಗಿರುತ್ತದೆ,
ಬೆಂದು ಬಂದಾಗ ಎಷ್ಟು ಮೋಸ ಮಾಡಿರುತ್ತದೆ, ಬಲ್ಲೆ.
ಒಮ್ಮೆ ಕೇಳಿಯೇ ಬಿಟ್ಟೆ,
ಬಣ್ಣವೇ ಕಾಣದಿದ್ದರೆ ಇವು ಯಾಕಯ್ಯಾ ನಿನಗೆ?
ಬಹಳ ಹೊತ್ತು ಕೊಳ ನೋಡಿದ.
"ತಿರುಗುತ್ತವಲ್ಲ," ಅಂದ.
"ಅಂಚಿನ ತನಕ ಬಂದು ತಿರುಗುತ್ತವಲ್ಲ, ಅದು."

ಮೀನು ಸಾಕುವುದೆಂದರೆ ಅವನ ಲೆಕ್ಕದಲ್ಲಿ
ಮೀನಿನ ತಂಟೆಗೆ ಹೋಗದಿರುವುದು.
ನಲ್ಲಿ ನೀರನ್ನು ನೇರ ಬಿಡಬಾರದು, ಕ್ಲೋರಿನ್ ಇದೆ.
ಹತ್ತು ಡಿಗ್ರಿಗೆ ಇಳಿದರೆ ಊಟ ಬಂದ್,
ಎಷ್ಟೇ ಬಾಯಿ ತೆರೆದು ಅಂಗಲಾಚಲಿ.
ಮೈಯನ್ನು ಗೋಡೆಗೆ ಉಜ್ಜಿಕೊಂಡರೆ ಹೇನು ಹತ್ತಿದೆ.
ಫಿಲ್ಟರಿನ ಕೆಸರಿಗೆ ಮಾತ್ರ ಅತ್ತೆಗಿರುವಷ್ಟು ಮರ್ಯಾದೆ:
ಅದರಲ್ಲಿ ಕಣ್ಣಿಗೆ ಕಾಣದ ಜೀವಗಳಿದ್ದು
ಮೀನು ಬಿಟ್ಟ ವಿಷ ತಿಂದೇ ಬದುಕುತ್ತವಂತೆ,
ಶುಚಿ ಮಾಡಿದರೆ ಸಾಯುತ್ತವಂತೆ.
ದಿನಕ್ಕೆರಡು ಸಲ ಮೆಟ್ಟಿಲು ಉಜ್ಜುವ ನನಗೆ
ಇದನ್ನು ಹೇಳಿದ, ಮುಖ ನೋಡದೆ.

ಆ ಜುಲೈಯಲ್ಲಿ ತಂಗಿಯ ಮಗ ಕೀರನ್ ಬಂದಿದ್ದ, ಒಳ್ಳೆಯ ಹುಡುಗ.
ಮಾವ ಮಧ್ಯಾಹ್ನ ಮಲಗಿದ್ದಾಗ, ಪಾಪ, ಸಹಾಯವಾಗಲೆಂದು
ಫಿಲ್ಟರಿನ ಬ್ರಷ್ಷುಗಳನ್ನೆಲ್ಲ ಹೊರಗೆಳೆದು
ನಲ್ಲಿಯ ಪೈಪು ಹಿಡಿದು ಫಳಫಳ ತೊಳೆದಿಟ್ಟ.
ಯಾರಿಗೂ ಹೇಳಲಿಲ್ಲ. ಮೆಚ್ಚಿಸಲು ಕಾಯುತ್ತಿದ್ದ.

ಮೂರನೆಯ ಸಂಜೆ ಕೈ ಎದ್ದಾಗ
ನನಗೆ ಅಕ್ಕನ ಫೋನು, ಅಮ್ಮನ ಗಡಿಯಾರದ ಹಳೇ ಜಗಳ.
ಗೋಡೆಗೆ ಬೆನ್ನು ಮಾಡಿಯೇ
"ಹಳದಿ" ಅಂದೆ.

ಬೆಳಿಗ್ಗೆ ಐದಕ್ಕೆ ಎಚ್ಚರವಾಯಿತು,
ಬಕೆಟ್ಟಿನಲ್ಲಿ ನೀರೆತ್ತಿ ಎತ್ತಿ ಸುರಿಯುವ ಸದ್ದಿಗೆ.
ಮಂಡಿಯೂರಿದ್ದ, ಪೈಜಾಮ ತೊಡೆತನಕ ಒದ್ದೆ.
ಗಾಳಿಗುಳ್ಳೆ ಏಳುವ ಮೂಲೆಯಲ್ಲಿ ಮೀನುಗಳೆಲ್ಲ ಒತ್ತೊತ್ತಿ
ಕಿವಿರು ಬಿರಿಯುವಂತೆ ಉಸಿರೆಳೆಯುತ್ತಿದ್ದವು.
ಚಿನ್ನದ್ದು ಆಗಲೇ ಮಗ್ಗುಲಾಗಿತ್ತು.
ನಿನ್ನೆಯ ನಳಿಕೆ ಕಲ್ಲಿನ ಮೇಲೆ ಹಾಗೇ ಇತ್ತು.
ಹಸಿರು. ಕುರುಡಿಯೂ ತಡವರಿಸದ ಹಸಿರು.

ನಾನು ನೋಡಲಿಲ್ಲ ಆಲ್ವಿನ್, ಅಂದೆ.
ನೋಡದೇ ಹೇಳಿದೆ.
"ಕ್ಲೋರಿನ್ ತೆಗೆಯುವ ಹರಳು ಆ ಡಬ್ಬದಲ್ಲಿದೆ," ಅಂದ,
"ಎರಡು ಚಮಚ ಕರಗಿಸಿ ಕೊಡು."
ಅಷ್ಟೇ. ನಡುಹಗಲ ತನಕ ಹೊಸ ನೀರು, ಹಳೆ ನೀರು,
ಹರಳು, ಬಕೆಟ್ಟು. ಕೀರನ್ ಅಳುತ್ತಲೇ ಹೊತ್ತ.
ಸತ್ತವೆರಡು. ರೂಬಾರ್ಬ್ ಗಿಡದ ಬುಡದಲ್ಲಿ ಹೂತೆವು.
ಚಿನ್ನದ್ದು ನನ್ನ ಕೈಯಲ್ಲಿ ನೆನೆದ ರೊಟ್ಟಿಯಷ್ಟು ಭಾರ.

ಮರುದಿನ ಆರಕ್ಕೆ ಗೋಡೆಯ ಬಳಿ ಹೋಗಿ ನಿಂತೆ.
ಆರೂಕಾಲಾಯಿತು. ಕೈ ಏಳಲಿಲ್ಲ.
ಹೋಗಿ ಬಾಗಿಲು ತಟ್ಟಿದೆ, ನಳಿಕೆ ಇಸಿದುಕೊಂಡೆ,
ನಾನೇ ಗೆರೆ ಎಳೆದ ಒಂದು ಬಿಳಿ ತಟ್ಟೆಯ ಮುಂದೆ ಹಿಡಿದು
ಐದು ನಿಮಿಷ, ಗಡಿಯಾರ ನೋಡಿ, ಕಾದೆ.
ಹಸಿರು, ಅಂದೆ. ನಿನ್ನೆಗಿಂತ ತುಸು ತಿಳಿ.
ತಲೆಯಾಡಿಸಿದ.

ಹತ್ತೊಂಬತ್ತು ದಿನ ಹೀಗೆ.
ಕೆಸರು ಮತ್ತೆ ಕಟ್ಟುವುದಕ್ಕೆ ಅವಸರವಿಲ್ಲ.
ಇಪ್ಪತ್ತನೆಯ ದಿನ ಹಳದಿ ಅಂದಾಗ
ಹನ್ನೊಂದು ವರ್ಷದಲ್ಲಿ ಮೊದಲ ಸಲ ಕೇಳಿದ,
"ಖರೆಯಾ?"

ಈಗ ದಿನವೂ ಕೇಳುತ್ತಾನೆ.
ದಿನವೂ ಮತ್ತೊಮ್ಮೆ ಬೆಳಕಿಗೆ ಹಿಡಿಯುತ್ತೇನೆ.