ಇವತ್ತಿನ ಪದ

ಬೆಳಿಗ್ಗೆ ಆರಕ್ಕೆ ಪದ ಬರುತ್ತದೆ.
ಗ್ರೋನಿಂಗನ್ನಿನ ಫೋಪ್ಪೆ, ಔಷಧಿ ಅಂಗಡಿ ಮುಚ್ಚಿದವನು,
ಗುಳಿಗೆ ಎಣಿಸಿ ಕೊಡುತ್ತಿದ್ದ ಕೈಯಲ್ಲೇ ಈಗ
ದಿನಕ್ಕೊಂದು ಪದ ಕೊಡುತ್ತಾನೆ, ತಿಂಡಿಗೆ ಮುಂಚೆ.
ಅದನ್ನಿಟ್ಟು ಕಥೆ ಬರೆಯಬೇಕು
ಇನ್ನೂರ ಎಂಬತ್ತು ಅಕ್ಷರದೊಳಗೆ.
ಪದ ಕಥೆಯಲ್ಲಿ ಕಾಣಲೇಬೇಕು. ಕಟ್ಟಳೆ ಅದೊಂದೇ.

ನಾನು ಶೌಕ್ಯೆ. ಫ್ರೀಸ್‌ಲ್ಯಾಂಡಿನ ಒಂದು ಕಾಲುವೆಯ ಮೇಲೆ
ಸೇತುವೆ ಎತ್ತುತ್ತೇನೆ, ಇಳಿಸುತ್ತೇನೆ; ಸಂಬಳ ಅದಕ್ಕೇ.
ಗಾಜಿನ ಗೂಡು, ಒಂದು ಹೀಟರು, ಎರಡು ಗುಂಡಿ,
ಫೋನು ಒರಗಿಸಲು ಕಾಫಿಪುಡಿಯ ಡಬ್ಬ.
ದೋಣಿಗೂ ದೋಣಿಗೂ ನಡುವೆ ಸಿಗುವುದು
ಬೇಸಿಗೆಯಲ್ಲಿ ಏಳು ನಿಮಿಷ,
ನವೆಂಬರಿನಲ್ಲಿ ಅರ್ಧ ದಿನ.

ಮೊನ್ನೆಯ ಪದ 'ಏಣಿ'.
ಕಳ್ಳ ಏಣಿ ವಾಪಸು ತಂದುಕೊಟ್ಟ,
ತಾನು ಮರೆತ ಟೋಪಿ ಯಾವ ಕಿಟಕಿಯಲ್ಲಿದೆ ಎಂದು ಕೇಳಲು.
ನಲವತ್ತೊಂದು ಮಂದಿ ಹೃದಯ ಒತ್ತಿದರು.
ಒತ್ತುವ ಮುಂಚೆ ಅವರಿಗೆ ಗೊತ್ತಿಲ್ಲ
ಎಷ್ಟು ಜನರನ್ನು ಕಥೆಯಿಂದ ಹೊರಗೆ ಹಾಕಿದೆನೆಂದು:
ಮೊದಲು ವಿಶೇಷಣ ಹೋಯಿತು, ಆಮೇಲೆ ಹವಾಮಾನ,
ಆಮೇಲೆ ಕಳ್ಳನ ಅತ್ತೆ. ಒಳ್ಳೆಯ ಹೆಂಗಸು,
ಹದಿನೆಂಟು ಅಕ್ಷರ ಹೆಚ್ಚಾದಳು.

ಇವತ್ತಿನ ಪದ 'ಸೇತುವೆ'.

ಎಂಟಕ್ಕೆಲ್ಲ ಊರವರು ಬರೆದು ಮುಗಿಸಿದ್ದರು.
ಒಬ್ಬಳು ಅದನ್ನು ಎರಡು ಮನಸುಗಳ ನಡುವೆ ಕಟ್ಟಿದಳು.
ಒಬ್ಬ ಸುಟ್ಟ. ಮೂವರು ಅದರಿಂದ ಹಾರಿದರು.
ಯಾರೂ ಗ್ರೀಸು ಹಚ್ಚಲಿಲ್ಲ.

ನನಗೋ ಒಂದು ಸಾಲೂ ಹೊರಡದು.
ಜುಲೈ ಬಿಸಿಲಿಗೆ ಕಬ್ಬಿಣ ಉಬ್ಬಿ ಕೂರದೆ ಹಟ ಹಿಡಿದಾಗ
ಅಗ್ನಿಶಾಮಕದವರು ಬಂದು ನೀರೆರೆದದ್ದು, ಕೂಸಿಗೆ ಎರೆದ ಹಾಗೆ;
ಎತ್ತಿದ ಹಲಗೆಯ ಆಚೆ ಸಿಕ್ಕಿಬಿದ್ದ ಸೂಲಗಿತ್ತಿ
ಸೈಕಲ್ಲಿನ ಗಂಟೆ ಬಾರಿಸುತ್ತಲೇ ನಿಂತದ್ದು;
ಇಳಿಸುವಾಗ ಕೊನೆಯ ಗೇಣಿನಲ್ಲಿ
ಅಂಗಾಲಿಗೆ ಬರುವ ಸಣ್ಣ ನಡುಕ.
ಗೊತ್ತಿದ್ದದ್ದೆಲ್ಲ ಒಟ್ಟಿಗೆ ಬಾಗಿಲಿಗೆ ಬಂದರೆ
ಒಂದೂ ಒಳಗೆ ಬರುವುದಿಲ್ಲ.

ಹನ್ನೊಂದಕ್ಕೆ ಅಪ್ಪನ ದಫ್ತರ ತೆಗೆದೆ.
ಅಪ್ಪ ಟ್ಯಾರ್ಡ್ ಇದೇ ಗೂಡಿನಲ್ಲಿ ಕೂತು
ಗಾಳದ ಕೋಲಿನ ತುದಿಗೆ ಜೋಡಿಲ್ಲದ ಮರದ ಜೋಡು ಕಟ್ಟಿ
ದೋಣಿಯವರ ಮೂಗಿನ ಮುಂದೆ ತೂಗಿಬಿಡುತ್ತಿದ್ದ.
ಅವರು ಸುಂಕದ ಚಿಲ್ಲರೆ ಹಾಕುವರು,
ಅವನು ಮೀನು ಸಿಕ್ಕವನಂತೆ ಎಳೆದುಕೊಳ್ಳುವನು, ಬರೆಯುವನು:

೬:೪೦. 'ತ್ರೆಂಟ್ಯೆ'. ಮರಳು. ಒಂದೂವರೆ ಗಿಲ್ಡರ್.

ಮರುದಿನ ಅದೇ. ಅದರ ಮರುದಿನ ಜಲ್ಲಿ, ಉಳಿದದ್ದು ಅದೇ.
ಪುಟ ತಿರುವಿದರೆ ಬೆರಳಿಗೇ ನಿದ್ದೆ ಬರಬೇಕು.
ಎಂಬತ್ತೇಳರ ಮಾರ್ಚಿನಲ್ಲಿ ಒಂದು ಕಡೆ:

೬:೪೦. 'ತ್ರೆಂಟ್ಯೆ'. ಮರಳು. ಒಂದೂವರೆ ಗಿಲ್ಡರ್.
ನಾಯಿ ಇರಲಿಲ್ಲ.

ಹಿಂದಕ್ಕೆ ಹೋದೆ. ಹನ್ನೊಂದು ವರ್ಷ ಹಿಂದಕ್ಕೆ.
ನಾಯಿ ಇತ್ತೆಂದು ಎಲ್ಲೂ ಬರೆದಿಲ್ಲ.
ಅದರ ಬಣ್ಣ ಇಲ್ಲ, ಹೆಸರಿಲ್ಲ,
ಅಪ್ಪ ಅದಕ್ಕೆ ರೊಟ್ಟಿಯಂಚು ಎಸೆಯುತ್ತಿದ್ದನೇ, ಅದೂ ಇಲ್ಲ.
ಮುಂದಕ್ಕೂ ಹೋದೆ.
ಮರುದಿನ ಮರಳು, ಒಂದೂವರೆ ಗಿಲ್ಡರ್.
ಆಮೇಲೆ ನಾಯಿಯ ಮಾತಿಲ್ಲ.

ಹೀಟರಿನ ಮೇಲೆ ಕೈಗವಸು ಕರಗುವ ವಾಸನೆ ಬಂದ ಮೇಲೆ
ಕೂತಿದ್ದೇನೆಂದು ತಿಳಿಯಿತು.

ಅದನ್ನೇ ಹಾಕಿದೆ. ಹೊತ್ತು, ದೋಣಿ, ಸರಕು, ಸುಂಕ, ನಾಯಿ.
ಇನ್ನೂರಕ್ಕೂ ಹೆಚ್ಚು ಅಕ್ಷರ ಮಿಕ್ಕಿತು.
ಅಷ್ಟು ಜಾಗ ಖಾಲಿ ಬಿಟ್ಟು ಅಭ್ಯಾಸವಿಲ್ಲ ನನಗೆ,
ಬೆರಳು ಅಲ್ಲೇ ಸುಳಿಯುತ್ತಿತ್ತು
ಏನಾದರೂ ಕೂರಿಸಲು.
ಕಡೆಗೆ ಬಿಟ್ಟೆ.

ಎರಡು ಹೃದಯ ಬಿದ್ದವು, ಒಂದು ನನ್ನ ತಂಗಿಯದು.
ಫೋಪ್ಪೆ, ಕಟ್ಟಳೆಯ ಮನುಷ್ಯ, ಕೇಳಿದ:
ಚೆನ್ನಾಗಿದೆ. ಆದರೆ 'ಸೇತುವೆ' ಎಲ್ಲಿ?

ಅಷ್ಟರಲ್ಲಿ ಕೆಳಗೆ ಹಾರನ್ನು. ಸೈಕಲ್ಲುಗಳು ಎರಡೂ ಕಡೆ ನಿಂತವು.
ಒಂದು ಕೈ ಗುಂಡಿಯ ಮೇಲೆ, ಇನ್ನೊಂದರಲ್ಲಿ ಟೈಪು ಮಾಡಿದೆ:

ಎತ್ತಿದ್ದೇನೆ.
ದೋಣಿ ದಾಟುತ್ತಿದೆ, ತಾಳು.