ಒಂದೂವರೆ ಗ್ರಾಂ

ತೂಕದ ಕಲ್ಲನ್ನು ಬೋರಲು ಹಾಕಿದರೆ
ಹೊಟ್ಟೆಯಲ್ಲೊಂದು ಕುಳಿ, ಕುಳಿಯಲ್ಲಿ ಸೀಸ.
ಅದರ ಮೇಲೆ ಅಚ್ಚಿಟ್ಟು ಸುತ್ತಿಗೆಯ ಒಂದೇ ಏಟು:
ಸರಕಾರದ ಮುದ್ರೆ.
ಇಪ್ಪತ್ತಾರು ವರ್ಷ ಇದೇ ನನ್ನ ಕೆಲಸ,
ಬಂದರಿನ ಗೋಳಿಕಟ್ಟೆ ಬಜಾರಿನಿಂದ
ಕಾರ್‌ಸ್ಟ್ರೀಟಿನ ಕೊನೆಯ ಬೆಲ್ಲದಂಗಡಿವರೆಗೆ.

ಗಲ್ಲಾಪೆಟ್ಟಿಗೆಯ ನೆತ್ತಿಗೆ ಗಣಪತಿ, ಕಾಬಾ,
ಎದೆ ಬೆಳಗುವ ಯೇಸು. ಕೆಳಗೆ ತಕ್ಕಡಿ.
ದಿನಾ ಮಲ್ಲಿಗೆ ಏರಿಸುವ ಕೈಯೇ
ಸೀಸ ಕೆರೆದು ಮೇಣ ತುಂಬಿದ್ದನ್ನು ಕಂಡಿದ್ದೇನೆ.
ಹಾಗೆಂದು,
ದೇವರೆಂದರೆ ಥೂ ಅನ್ನುತ್ತಿದ್ದ ಬೀಡಿ ಡಿಪೋದ ವಾಮನ ಸಾಲ್ಯಾನ
ಹೆಂಗಸರಿಗೆ ಎಲೆ ತೂಗುವಾಗ
ನೂರು ಗ್ರಾಂ ನುಂಗುತ್ತಿದ್ದ.

ಒಣಮೀನಿನ ಲಚ್ಚಿಲಕ್ಕ ಮಾತ್ರ ತೂಗಿದ ಮೇಲೂ
ಒಂದು ಹಿಡಿ ನಂಗು ಎಸೆಯುವಳು.
ಭೂತಕ್ಕೆ ಹೆದರಿ ಹೀಗಾ, ಕೇಳಿದೆ.
"ಭೂತಕ್ಕೆ ಬೇರೆ ಕೆಲಸ ಇಲ್ವಾ ಮಾರಾಯ್ರೆ?
ತಟ್ಟೆ ಮೇಲೆಯೇ ನಿಂತರೆ ನನಗೇ ಒಂಥರಾ ಆಗ್ತದೆ."
ಆ ಒಂಥರಾ ಎಂಬುದಕ್ಕೆ
ನನ್ನ ಪೆಟ್ಟಿಗೆಯಲ್ಲಿ ಕಲ್ಲಿರಲಿಲ್ಲ.

ನಾನು ಯಾವ ಕಡೆಗೂ ಸೇರದವ.
ಅಮ್ಮ ಹೋದ ವರ್ಷ ದೀಪ ನಿಂತಿತು.
ವಾದವೇನೂ ಇರಲಿಲ್ಲ. ಎಣ್ಣೆ ಮುಗಿಯಿತು, ತರಲಿಲ್ಲ.

ಕಳೆದ ಜೂನಿನಲ್ಲಿ
ಮಖಮಲ್ಲಿನೊಳಗಿನ ನನ್ನ ಹಿತ್ತಾಳೆ ಕಿಲೋವನ್ನು
ಪ್ರಯೋಗಾಲಯಕ್ಕೆ ಕಳಿಸಿದೆ. ಉತ್ತರ ಬಂತು:
ಉಪ್ಪುಗಾಳಿಗೆ ಕಿಲುಬು ಹಿಡಿದು ಒಂದೂವರೆ ಗ್ರಾಂ ಹೆಚ್ಚು.
ಯಾವಾಗಿನಿಂದ? ಬರೆದಿರಲಿಲ್ಲ.
ಅಂದರೆ ದೀಪಾವಳಿಯ ಹೊತ್ತಿಗೆ ಕೊರತೆಯೆಂದು ದಂಡ ಹಾಕಿದ
ಮೆಣಸಿನ ಇದಿನಬ್ಬನ ಕಲ್ಲು ಸರಿಯೇ ಇತ್ತು.
"ಅಲ್ಲಾಹನಾಣೆ, ಸರಿ ಉಂಟು" ಅಂದಿದ್ದ.
ಆಣೆಯನ್ನು ನಾನು ತಟ್ಟೆಗೆ ಹಾಕಿರಲಿಲ್ಲ.

ಕೇಳುವವರಿರಲಿಲ್ಲ. ಕಡತ ಮುಚ್ಚಿತ್ತು.
ಮೂರು ರಾತ್ರಿ ಮಗ್ಗುಲು ಬದಲಿಸಿದೆ.
ಮೀನುಗಾರಿಕೆ ನಿಷೇಧದ ದಿನಗಳು,
ದಕ್ಕೆಯಲ್ಲಿ ಕಟ್ಟಿದ ದೋಣಿಗಳು
ಒಂದಕ್ಕೊಂದು ಮೈ ತಿಕ್ಕುವ ಸದ್ದು.
ಹೆದರಿಕೆಯೇ? ನರಕ ನನಗಿಲ್ಲ.
ಅಮ್ಮನ ದೀಪದ ಜಿಡ್ಡೇನಾದರೂ
ಗೂಡಿನಲ್ಲಿ ಉಳಿದಿತ್ತೇ?
ಗೊತ್ತಿಲ್ಲ. ಎದ್ದೆ.

ಇಲಾಖೆಗೊಂದು ಪತ್ರ, ಬಡ್ತಿಗೆ ಬಹುಶಃ ಅದೇ ಕೊನೆ.
ನನ್ನ ಜೇಬಿನಿಂದ ಎರಡು ಸಾವಿರ.
ಇದಿನಬ್ಬ ಎಣಿಸಲಿಲ್ಲ.
"ಅವನ ಮೇಲೆ ಬಿಟ್ಟಿದ್ದೆ. ಕಳಿಸಿದ, ನೋಡಿ."
ಯಾರೂ ಕಳಿಸಿಲ್ಲ ಬ್ಯಾರಿಗಳೇ, ನಾನೇ ಬಂದದ್ದು,
ನನಗೆ ನಂಬಿಕೆ ಇಲ್ಲ, ಎಂದೆ.
ನಕ್ಕ. "ನೀವು ನಂಬಲಿ ಎಂದು
ಅವನು ಕಾದು ಕೂತಿದ್ದಾನಾ? ಚಾ ಕುಡಿಯಿರಿ."

ಕುಡಿದೆ. ಸಕ್ಕರೆ ಹೆಚ್ಚಾಗಿತ್ತು.
ಮೆಣಸಿನ ಧೂಳಿಗೆ ಸೀನು ಬಂತು,
ಖಾಲಿ ತಕ್ಕಡಿಯ ಮುಳ್ಳು ಅಲುಗಿತು.
ಯಾವ ಕಡೆಗೆ ಎಂದು ನೋಡುವ ಅಧಿಕಾರ ನನಗಿತ್ತು.
ಮೂಗೊರೆಸಿಕೊಂಡೆ.