ಬಿ ಖರಾಬು

ಪಹಣಿಯ ಮೂರನೇ ಕಲಮಿನಲ್ಲಿ
ಈ ಗುಂಡುತೋಪಿನ ಹೆಸರು ಖರಾಬು.
ಎರಡು ಎಕರೆ ಹನ್ನೊಂದು ಗುಂಟೆ,
ರಾಗಿ ಬೆಳೆಯದು, ಕಂದಾಯ ಹುಟ್ಟದು.
ಯಾವ ಕಾಲದ ಶ್ಯಾನುಭೋಗನೋ
ಟಾಕು ಮಸಿಗದ್ದಿ ‘ಕೆಟ್ಟದ್ದು’ ಎಂದು ಗೀಚಿ
ಕೈ ತೊಳೆದು ಊಟಕ್ಕೆ ಎದ್ದಿರಬೇಕು.

ಆ ಒಂದು ಬೈಗುಳವೇ ಕಾಯಿತು.
ಸುತ್ತಲಿನ ಒಳ್ಳೆಯ ಭೂಮಿಯೆಲ್ಲ
ಸೈಟಾಯಿತು, ಸೆಲ್ಲಾರಾಯಿತು,
ನಾಲ್ಕನೇ ಮಹಡಿಯಲ್ಲಿ ಒಣಗುವ ಲುಂಗಿಯಾಯಿತು.
ಕೆಟ್ಟದ್ದು ಮಾತ್ರ ಉಳಿಯಿತು:
ಹದಿನಾರು ಹೊಂಗೆ, ಏಳು ಹಿಪ್ಪೆ,
ಎಣಿಸಲು ಹೋದಾಗಲೆಲ್ಲ
ತಲೆಯ ಮೇಲೆ ಹಣ್ಣುದುರಿಸಿ ಲೆಕ್ಕ ತಪ್ಪಿಸುವ ನೇರಳೆ.

ನಾನು ಸರ್ವೇಯರು, ಯಲಹಂಕ ಹೋಬಳಿ.
ಅರ್ಜಿ ಬಂದಿದೆ: ‘ಸದರಿ ಜಾಗ ಖಾಲಿ ಇದ್ದು,
ಪಾರ್ಕಿಂಗಿಗೆ ಯೋಗ್ಯವಾಗಿರುತ್ತದೆ.’
ಪಾರ್ಕಿಗೆ ಒಂದು ಬಾಲ ಅಂಟಿಸಿದರೆ
ಎಷ್ಟು ಕಾರು ನಿಲ್ಲುತ್ತವೆ ನೋಡಿ.

ಮೆಷೀನು ಕೆಟ್ಟಿದೆ, ಹಳೆಯ ಸರಪಳಿಯೇ ಗತಿ.
ಎಳೆದರೆ ಕೊಂಡಿಗೊಂದು ತೊಡಕು.
ಮೊದಲ ಕಲ್ಲಿನ ಹತ್ತಿರ ಮೂರು ಇಟ್ಟಿಗೆಯ ವಿಕೆಟ್ಟು.
“ಆಂಟಿ, ಸ್ವಲ್ಪ ಸೈಡು, ಲಾಸ್ಟ್ ಓವರ್!”
ನಿಂತೆ.
ನನ್ನ ಜೊತೆ ಸರಕಾರವೂ ಆರು ಬಾಲು ನಿಂತಿತು.

ಅಕ್ಕನ ಸೈಕಲ್ಲು ಕಲಿಯುವ ಜಬೀನಾ
ಹಿಪ್ಪೆಗೆ ಡಿಕ್ಕಿ ಹೊಡೆದು
ಮೊಣಕಾಲು ಉಜ್ಜುತ್ತ ಮರಕ್ಕೇ ‘ಸಾರಿ’ ಅಂದಳು.

ಪಿಳ್ಳಮುನಿಯಮ್ಮ ಹೊಂಗೆಬೀಜ ಆಯುತ್ತಿದ್ದಳು,
ತಲೆಯೆತ್ತದೆ ಕೇಳಿದಳು:
“ನೆಳ್ಳೂ ಅಳೀತೀಯೇನವ್ವ?
ಬೆಳಿಗ್ಗೆ ಒಂದಿರ್ತದೆ, ಮದ್ಯಾನಕ್ಕೊಂದು,
ಸಂಜೆಗೆ ರೋಡು ದಾಟಿ ಆ ಬಿಲ್ಡಿಂಗಿನ ಗೋಡೆ ಹತ್ತದೆ.
ಎಲ್ಲಿಗೆ ಕಲ್ಲು ನೆಡ್ತೀಯ?”

ಹದಿನೆಂಟು ವರ್ಷದ ಸರ್ವೀಸಿನಲ್ಲಿ
ಈ ಪ್ರಶ್ನೆ ಯಾವ ಇಲಾಖಾ ಪರೀಕ್ಷೆಯಲ್ಲೂ ಬಂದಿರಲಿಲ್ಲ.

ಜೀಪಿನ ಬಾನೆಟ್ಟಿನ ಮೇಲೆ ನಕ್ಷೆ ಹಾಸಿದೆ.
ಉದ್ದ ಬರೆದೆ, ಅಗಲ ಬರೆದೆ, ಚೆಕ್ಕುಬಂದಿ ಬರೆದೆ.
ಕಡೆಯ ಕಲಂ ‘ಷರಾ’ದಲ್ಲಿ
ಪೆನ್ನು ಸ್ವಲ್ಪ ಹೊತ್ತು ಒಣಗಿ
ಆಮೇಲೆ ಬರೆಯಿತು:
‘ಜಾಗ ಖಾಲಿ ಇರುವುದಿಲ್ಲ.’

ಸಾಹೇಬರು ಒಪ್ಪುತ್ತಾರೋ, ಕಡತ ವಾಪಸು ಬರುತ್ತದೋ.
ನನಗಿಂತ ನೆಟ್ಟಗೆ ಸರಪಳಿ ಎಳೆಯುವವನು
ಮಳೆ ಮುಗಿದ ಮೇಲೆ ಬರಲೂಬಹುದು.

ಅಲ್ಲಿಯವರೆಗೆ, ನೆಲವೇ,
ಕೆಟ್ಟದ್ದಾಗಿಯೇ ಇರು.
ಒಳ್ಳೆಯದೆಂದು ಯಾರಾದರೂ ಬರೆದುಬಿಟ್ಟಾರು.